ಠಾಣೆಗೆ ಹೋದ ಕಾರನ್ನು ಬಿಡಿಸಿಕೊಳ್ಳುವ ಬಗೆ

(ವಾಚನಾಲಯದ ಭಾನುವಾರದ ಸಭೆಯಲ್ಲಿ ಸ್ವಯಂಸೇವಕರು ಮಾಡಿದ ಭಾಷಣ)



ಇಂದಿನ ಮಾತಿಗೆ ನಾವು ಆರಿಸಿಕೊಂಡ ವಿಷಯ ಕೆಲವರಿಗೆ ಹಿಡಿಸದೆ ಹೋಗಬಹುದು. ಕುಡಿದು ಕಾರು ನಡೆಸಿ ಸಿಕ್ಕಿಬಿದ್ದವನ ಕಾರನ್ನು ಬಿಡಿಸಿಕೊಡುವ ಮಾತು ಪುಸ್ತಕಗಳ ನಡುವೆ ಏಕೆಂದು ಹಿರಿಯರೊಬ್ಬರು ಆಗಲೇ ಕೇಳಿದ್ದಾರೆ. ಇಲ್ಲಿಗೆ ಪತ್ರಿಕೆ ಓದಲು ಬರುವವರಲ್ಲಿ ಟ್ಯಾಕ್ಸಿ, ಟೆಂಪೋ ನಡೆಸುವವರಿದ್ದಾರೆ. ಸೇಠರ ಕಾರು ನಡೆಸುವವರಿದ್ದಾರೆ. ಹೋಟೆಲಿನ ಗಲ್ಲೆಯಲ್ಲಿ ಕೂತು, ನಡುರಾತ್ರಿ ಬಾಗಿಲು ಹಾಕಿ, ಹಳೆಯ ಮಾರುತಿ ಕಾರಿನಲ್ಲಿ ಮೀರಾ ರೋಡಿಗೋ ಡೊಂಬಿವಲಿಗೋ ಮನೆ ಸೇರುವವರಿದ್ದಾರೆ. ಇಂಥವರಲ್ಲಿ ಒಬ್ಬರು ನಾಕಾಬಂದಿಯಲ್ಲಿ ಸಿಕ್ಕಿದರೆಂದರೆ ಮರುದಿನ ಅವರ ಮನೆಯವರು ಅರ್ಜಿ ಬರೆಸಿಕೊಳ್ಳಲು ನಮ್ಮ ಬಾಗಿಲಿಗೇ ಬರುವುದು. ನಾವು ವಕೀಲರಲ್ಲ. ಹಗಲೆಲ್ಲ ಗಿರಣಿಯಲ್ಲಿ ಹಾಜರಿ ಪುಸ್ತಕ, ಸಂಬಳದ ಪಟ್ಟಿ ಬರೆಯುವ, ಮೆಟ್ರಿಕ್ ದಾಟಿದ ಗುಮಾಸ್ತರು. ಆದರೆ ಅರ್ಜಿ ಬರೆದೂ ಬರೆದೂ ಕೆಲವು ಕಲಮುಗಳು ನಮಗೆ ಬಾಯಿಪಾಠವಾಗಿವೆ.

ಹೇಳಬೇಕಾದುದರ ತಿರುಳನ್ನು ಮೊದಲೇ ಹೇಳಿಬಿಡುತ್ತೇವೆ. ಇಂಥ ರಾತ್ರಿಯಲ್ಲಿ ಮೂರು ಪೋಲೀಸರ ಕೈ ಸೇರುತ್ತವೆ: ಮನುಷ್ಯ, ಕಾರು, ಲೈಸೆನ್ಸು. ಮೂರಕ್ಕೂ ಕಾಯಿದೆಯಲ್ಲಿ ಬೇರೆ ಬೇರೆ ದಾರಿಗಳಿವೆ. ಕಾರು ಎಲ್ಲಕ್ಕಿಂತ ಸುಲಭವಾಗಿ ಬರುವಂಥದು. ಕಾಗದ ಸರಿಯಿದ್ದರೆ ಬಂದೇ ಬರುತ್ತದೆ. ಹೀಗಿದ್ದರೂ ನಮ್ಮ ಜನ ಎಲ್ಲಕ್ಕಿಂತ ಮೊದಲು ಕಾರಿನ ಹಿಂದೆ ಓಡಿ, ಅದನ್ನು ಬಿಡಿಸುವ ಅವಸರದಲ್ಲಿ ಹೊಟ್ಟೆಯ ಅನ್ನವಾದ ಲೈಸೆನ್ಸನ್ನು ಕೈಯಾರೆ ಕೊಟ್ಟು ಬರುತ್ತಾರೆ. ಇದನ್ನು ನೋಡಿ ನೋಡಿ ಬೇಸತ್ತೇ ಇಂದು ಮಾತಾಡಲು ನಿಂತೆವು.

ಕಾಯಿದೆ ಏನು ಹೇಳುತ್ತದೆಂಬುದನ್ನು ಮೊದಲು ನೋಡೋಣ. 1988ರ ಮೋಟಾರು ವಾಹನ ಕಾಯಿದೆಯ 185ನೆಯ ಕಲಮಿನಂತೆ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಸಾರವಿದ್ದು ವಾಹನ ನಡೆಸುವುದು ಅಪರಾಧ. ಮೊದಲ ಸಲಕ್ಕೆ 6 ತಿಂಗಳವರೆಗೆ ಸಜೆ, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಎರಡನೆಯ ಸಲಕ್ಕೆ 2 ವರ್ಷದವರೆಗೆ ಸಜೆ, ಇಲ್ಲವೇ 15,000 ರೂಪಾಯಿ ದಂಡ, ಇಲ್ಲವೇ ಎರಡೂ. 2019ರ ಸೆಪ್ಟೆಂಬರ್ 1ಕ್ಕೆ ಮುಂಚೆ ಮೊದಲ ಸಲದ ದಂಡ 2,000 ರೂಪಾಯಿ ಮೀರುತ್ತಿರಲಿಲ್ಲ. "ಎರಡು ಸಾವಿರ ಕಟ್ಟಿದರೆ ಮುಗಿಯಿತು" ಎಂದು ಇಂದಿಗೂ ಹೇಳುವವರು ಆ ಹಳೆಯ ಕಾಲದಲ್ಲಿಯೇ ಉಳಿದಿದ್ದಾರೆ.

ಮುಂಬಯಿಗೂ ಮದ್ಯಕ್ಕೂ ಇರುವ ವ್ಯವಹಾರ ಬಹಳ ಹಳೆಯದು. 1949ರ ಮುಂಬಯಿ ಪಾನನಿರೋಧ ಕಾಯಿದೆ, 1950ರಿಂದ ನಡೆದ ಪೂರ್ಣ ಪಾನನಿರೋಧ, ಕದ್ದು ಕುಡಿಯುವ ಅಡ್ಡೆಗಳು, ಮುಂದೆ 1960ರ ದಶಕದಲ್ಲಿ ಆದ ಸಡಿಲಿಕೆ, ಇವನ್ನೆಲ್ಲ ಹಿರಿಯರು ಕತೆಯಂತೆ ಹೇಳುತ್ತಾರೆ. ಆ ಕಾಯಿದೆ ಹೆಸರು ಬದಲಿಸಿಕೊಂಡು ಮಹಾರಾಷ್ಟ್ರದಲ್ಲಿ ಇಂದಿಗೂ ಜೀವಂತವಾಗಿದೆ. ಪರ್ಮಿಟ್ ರೂಮ್ ಎಂಬ ಹೆಸರು ಬಂದುದೂ ಅದರಿಂದಲೇ. ಆ ಹೆಸರಿನ ಫಲಕದ ಕೆಳಗೆ ದುಡಿದು ಹೊಟ್ಟೆ ಹೊರೆದ ಕನ್ನಡಿಗರೂ ತುಳುವರೂ ಎಷ್ಟು ಮಂದಿಯೆಂದು ಈ ಸಭೆಗೆ ನಾವು ಹೇಳಬೇಕಾಗಿಲ್ಲ. ಕುಡಿದು ಕಾರು ನಡೆಸುವವರನ್ನು ಉಸಿರಿನ ಯಂತ್ರ ಹಿಡಿದು ಬೀದಿಬೀದಿಯಲ್ಲಿ ತಡೆಯುವ ಕ್ರಮವನ್ನು ಮುಂಬಯಿಯ ಟ್ರಾಫಿಕ್ ಪೋಲೀಸರು ಬಿಗಿಯಾಗಿ ಹಿಡಿದದ್ದು 2007ರಿಂದ.

ಅದಕ್ಕೆ ತುಸು ಮೊದಲು ನಡೆದುದನ್ನು ನೆನೆಯದೆ ಮುಂದೆ ಹೋಗಲಾರೆವು. 2006ರ ನವೆಂಬರ್ 12ರ ನಸುಕಿನಲ್ಲಿ ಬಾಂದ್ರಾದ ಕಾರ್ಟರ್ ರೋಡಿನಲ್ಲಿ ಒಂದು ಕಾರು ಫುಟ್‌ಪಾತಿನ ಮೇಲೆ ಹತ್ತಿತು. ಅಲ್ಲಿ ಮಲಗಿದ್ದವರು ಕಟ್ಟಡ ಕೆಲಸಕ್ಕೆ ಬಂದ ಕೂಲಿಗಳು. 7 ಮಂದಿ ಸತ್ತರು, 8 ಮಂದಿಗೆ ಗಾಯವಾಯಿತು. ಕಾರು ನಡೆಸುತ್ತಿದ್ದವನಿಗೆ ಹೈಕೋರ್ಟು ವಿಧಿಸಿದ 3 ವರ್ಷದ ಸಜೆಯನ್ನು 2012ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಕಲಬುರಗಿ, ಯಾದಗಿರಿ ಕಡೆಯಿಂದ ಬಂದು ಈ ಊರಿನ ಕಟ್ಟಡಗಳ ಬುಡದಲ್ಲಿ ಮಲಗುವ ನಮ್ಮ ಜನ ಎಷ್ಟಿಲ್ಲ! ನಾಕಾಬಂದಿಯ ಪೋಲೀಸರನ್ನು ಬೈಯುವವರು ಆ ನಸುಕನ್ನೊಮ್ಮೆ ನೆನೆಯಬೇಕು. ಕಾರು ಬಿಡಿಸುವ ದಾರಿ ಹೇಳುವ ನಾವು ಕುಡಿದು ನಡೆಸಿದವನ ಪಕ್ಷ ಹಿಡಿದೆವೆಂದು ಯಾರೂ ತಿಳಿಯಬಾರದು. ಕಾಯಿದೆ ವಿಧಿಸಿದ ಶಿಕ್ಷೆಯನ್ನು ಆತ ಅನುಭವಿಸಲಿ. ಕಾಯಿದೆ ಹೇಳದ ಶಿಕ್ಷೆ ಅವನ ಹೆಂಡತಿ ಮಕ್ಕಳ ಮೇಲೆ ಬೀಳದಿರಲಿ, ಇಷ್ಟೇ ನಮ್ಮ ಬೇಡಿಕೆ.

ಇನ್ನು ಮನುಷ್ಯನ ವಿಚಾರ. ಸಮವಸ್ತ್ರದಲ್ಲಿರುವ ಪೋಲೀಸ್ ಅಧಿಕಾರಿ ಯಂತ್ರದಲ್ಲಿ ಊದು ಎಂದರೆ ಊದಬೇಕು. ಊದಲಾರೆ ಎಂದು ಹಟ ಹಿಡಿದರೆ ವಾರಂಟಿಲ್ಲದೆ ಹಿಡಿದೊಯ್ಯಬಹುದು. ಒಲ್ಲೆನೆಂದ ಮಾತೇ ಕೋರ್ಟಿನಲ್ಲಿ ಅವನಿಗೆ ಎದುರಾಗಿ ನಿಲ್ಲುತ್ತದೆ. ಯಂತ್ರದಿಂದ ಬರುವ ಚೀಟಿಯಲ್ಲಿ ಅಂಕಿಯೂ ವೇಳೆಯೂ ಇರುತ್ತವೆ. ಅದನ್ನು ಓದಿ ನೋಡದೆ ಸಹಿ ಹಾಕಬಾರದು. ಈ ಅಪರಾಧಕ್ಕೆ ಹಿಡಿದವನನ್ನು ಎರಡು ಗಂಟೆಯೊಳಗೆ ವೈದ್ಯರಿಂದ ಪರೀಕ್ಷೆ ಮಾಡಿಸಬೇಕು, ಮಾಡಿಸದಿದ್ದರೆ ಬಿಟ್ಟುಬಿಡಬೇಕು ಎಂದು 202ನೆಯ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಇದು ಜಾಮೀನು ಸಿಗುವ ಅಪರಾಧ. ಅಂದರೆ ಜಾಮೀನು ಕೇಳುವುದು ಭಿಕ್ಷೆಯಲ್ಲ, ಹಕ್ಕು. ಹಿಡಿದ ಸಂಗತಿಯನ್ನು ಮನೆಯವರಿಗೋ ಗೆಳೆಯರಿಗೋ ತಿಳಿಸಬೇಕಾದುದು ಪೋಲೀಸರ ಕರ್ತವ್ಯ. ಆದುದರಿಂದ ಠಾಣೆಗೆ ಹೋದವರು ಮೊದಲು ಕೇಳಬೇಕಾದುದು "ಕಾರು ಎಲ್ಲಿದೆ?" ಎಂದಲ್ಲ, "ನಮ್ಮವನು ಎಲ್ಲಿದ್ದಾನೆ, ಯಾವ ಕಲಮು ಹಾಕಿದ್ದೀರಿ, ಜಾಮೀನಿಗೆ ಏನು ಬೇಕು?" ಎಂದು. ಈ ಮೂರು ಮಾತುಗಳನ್ನು ಮರಾಠಿಯಲ್ಲಿ ಕಲಿತಿಟ್ಟುಕೊಂಡರೆ ಉತ್ತಮ. ದನಿ ಏರಿಸುವುದರಿಂದ ಕೆಲಸವಾದುದನ್ನು ನಾವು ಎಲ್ಲಿಯೂ ಕಾಣೆವು.

ಈಗ ಕಾರಿಗೆ ಬರೋಣ. ಚಾಲಕನನ್ನು ಹಿಡಿದ ಅಧಿಕಾರಿ ಸಂದರ್ಭಕ್ಕೆ ತಕ್ಕಂತೆ ವಾಹನವನ್ನು ತಾತ್ಪೂರ್ತಿಕವಾಗಿ ಎಲ್ಲಿ ಇಡಬೇಕೆಂಬ ವ್ಯವಸ್ಥೆ ಮಾಡಬೇಕೆಂದು ಅದೇ 202ನೆಯ ಕಲಮಿನಲ್ಲಿದೆ. ತಾತ್ಪೂರ್ತಿಕ ಎಂಬ ಮಾತನ್ನು ಗಮನಿಸಿರಿ. ಕುಡಿದವನ ಕೈಗೆ ಸ್ಟೇರಿಂಗು ಸಿಗಬಾರದು, ನಡುಬೀದಿಯಲ್ಲಿ ಕಾರು ನಿಲ್ಲಬಾರದು, ಇಷ್ಟೇ ಅದರ ಉದ್ದೇಶ. ಕಾರಿನಲ್ಲಿ ಕುಡಿಯದ ಇನ್ನೊಬ್ಬರಿದ್ದು ಅವರ ಬಳಿ ಲೈಸೆನ್ಸಿದ್ದರೆ, ಕಾರನ್ನು ಅವರ ವಶಕ್ಕೆ ಕೊಡಿರೆಂದು ಅಲ್ಲಿಯೇ ವಿನಯದಿಂದ ಕೇಳಿಕೊಳ್ಳಬಹುದು. ಕೊಡುವುದು ಬಿಡುವುದು ಅಧಿಕಾರಿಯ ವಿವೇಚನೆ. ಯಾರೂ ಇಲ್ಲದಿದ್ದರೆ ಕಾರು ಟ್ರಾಫಿಕ್ ಚೌಕಿಗೋ ಠಾಣೆಯ ಅಂಗಳಕ್ಕೋ ಹೋಗುತ್ತದೆ. ಹೋಗುವಾಗ ಒಂದು ರಸೀದಿ ಕೇಳಿ ಪಡೆಯಬೇಕು. ಅದರಲ್ಲಿ ಗಾಡಿಯ ನಂಬರು, ಒಯ್ದ ವೇಳೆ, ಒಯ್ದ ಜಾಗ, ಅಧಿಕಾರಿಯ ಹೆಸರು ಇರಲಿ. ಕಾರಿನೊಳಗಿನ ಹಣ, ಟಿಫಿನ್ ಡಬ್ಬಿ, ಕಾಗದ ಪತ್ರಗಳನ್ನು ಆಗಲೇ ತೆಗೆದುಕೊಳ್ಳಬೇಕು. ಮೊಬೈಲಿನಲ್ಲಿ ಕಾರಿನ ನಾಲ್ಕೂ ಬದಿಯ ಚಿತ್ರ ತೆಗೆದಿಡಬೇಕು. ಮುಂದೆ ಗೀರು ಬಿದ್ದರೆ ಯಾರು ಮಾಡಿದರೆಂಬ ವಾದಕ್ಕೆ ಆ ಚಿತ್ರವೇ ಸಾಕ್ಷಿ.

ಬಿಡಿಸಲು ಹೋಗುವವರು ಮೊದಲು ಯಾವ ಠಾಣೆ, ಯಾವ ಕೋರ್ಟು ಎಂಬುದನ್ನು ಖಚಿತ ಮಾಡಿಕೊಳ್ಳಲಿ. ನಮ್ಮವರ ಅರ್ಧ ತಿರುಗಾಟ ಇಲ್ಲಿಯೇ ಆಗುವುದು. ದಹಿಸರ ದಾಟಿದರೆ ಮುಂಬಯಿ ಪೋಲೀಸರ ಸರಹದ್ದು ಮುಗಿಯಿತು. 2020ರ ಅಕ್ಟೋಬರದಿಂದ ಮೀರಾ ಭಾಯಂದರ, ವಸಾಯಿ ವಿರಾರಕ್ಕೆ ಬೇರೆಯೇ ಕಮೀಶನರ ಕಚೇರಿ. ಮುಲುಂಡ ಚೆಕ್‌ನಾಕೆಯ ಆಚೆ ಠಾಣೆ ನಗರದ ಪೋಲೀಸರು, ವಾಶಿ ಸೇತುವೆಯ ಆಚೆ ನವಿ ಮುಂಬಯಿಯವರು. ಮುಂಬಯಿಯೊಳಗೂ ಕಿಲ್ಲಾ ಕೋರ್ಟು, ದಾದರ, ಬಾಂದ್ರಾ, ಕುರ್ಲಾ, ಅಂಧೇರಿ, ಬೋರಿವಲಿ ಎಂದು ಒಂದೊಂದು ಪ್ರದೇಶಕ್ಕೆ ಒಂದೊಂದು ಕೋರ್ಟು. ಮೀರಾ ರೋಡಿನಲ್ಲಿ ಸಿಕ್ಕಿದ ಕಾರಿಗಾಗಿ ಬೋರಿವಲಿ ಕೋರ್ಟಿನ ಮೆಟ್ಟಿಲ ಮೇಲೆ ಎರಡು ದಿನದ ರಜೆ ಕಳೆದವರನ್ನು ನಾವು ಬಲ್ಲೆವು. ಎರಡು ದಿನದ ಪಗಾರ ಹೋಯಿತು, ಕಾರಿನ ದರ್ಶನವೂ ಆಗಲಿಲ್ಲ.

ಕಾರು ಯಾರದು? ಕಾರು ಯಾರ ಹೆಸರಿನಲ್ಲಿದೆಯೋ ಅವರದು. ನಾವು ನಡೆಸುತ್ತೇವೆ, ನಾವು ಕಂತು ಕಟ್ಟುತ್ತೇವೆ, ನಾವು ಪೆಟ್ರೋಲು ಹಾಕುತ್ತೇವೆ ಎಂಬುದನ್ನು ಠಾಣೆಯಲ್ಲಿ ಯಾರೂ ಕೇಳರು. ನೋಂದಣಿ ಪುಸ್ತಕ, ಅಂದರೆ ಆರ್.ಸಿ., ಏನು ಹೇಳುತ್ತದೋ ಅದೇ ಮಾತು. ನಮ್ಮ ಜನರ ತೊಂದರೆಯೆಲ್ಲ ಈ ಒಂದು ಚಿಕ್ಕ ಪುಸ್ತಕದಲ್ಲಿಯೇ ಅಡಗಿದೆ. ಊರಿನಲ್ಲಿ ಅಣ್ಣ ಕೊಂಡ ಕಾರು; ಅಣ್ಣ ಕುಂದಾಪುರದಲ್ಲಿ, ಕಾರು ಕಾಂದಿವಲಿಯಲ್ಲಿ, ನಂಬರು ಕೆ.ಎ. 20. ಇನ್ನೊಬ್ಬರದು ವಿಜಯಪುರದ ಕೆ.ಎ. 28; ಮಾವನ ಹೆಸರಿನಲ್ಲಿದ್ದು ಮಾವ ತೀರಿಹೋಗಿ ಮೂರು ವರ್ಷ. ಮತ್ತೊಬ್ಬರು ಹಳೆಯ ಕಾರು ಕೊಂಡು ಹಣ ಎಣಿಸಿದರು, ಮಾರಿದವನಿಂದ ಸಹಿ ಹಾಕಿದ ಫಾರಮು ತಂದು ಟ್ರಂಕಿನಲ್ಲಿಟ್ಟರು, ಆರ್.ಟಿ.ಓ.ಗೆ ಹೋಗಲೇ ಇಲ್ಲ. ಇಂಥವರ ಕಾರು ಒಮ್ಮೆ ಅಂಗಳಕ್ಕೆ ಹೋದರೆ, ಕೊಡಬೇಕಾದ ಅಧಿಕಾರಿ ಎಷ್ಟೇ ಸಜ್ಜನರಿದ್ದರೂ ಯಾರ ಕೈಗೆ ಕೊಟ್ಟಾರು?

ಇದಕ್ಕೆ ಪರಿಹಾರ ರಾತ್ರಿ ಬೆಳಗಾಗುವುದರಲ್ಲಿ ಆಗದು, ಇಂದೇ ಆಗಬೇಕು. ಮಾರಾಟವಾದ ಕಾರನ್ನು ಕೊಂಡವನು 30 ದಿನದೊಳಗೆ ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಹಾಕಬೇಕೆಂದು 50ನೆಯ ಕಲಮಿನಲ್ಲಿದೆ. ಒಡೆಯರು ತೀರಿಕೊಂಡಾಗ ವಾರಸುದಾರರು ಮಾಡಬೇಕಾದುದೂ ಅಲ್ಲಿಯೇ ಇದೆ. ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳು ಮೀರಿ ಇಲ್ಲಿಟ್ಟರೆ ಇಲ್ಲಿಯ ನಂಬರು ಪಡೆಯಬೇಕೆಂದು 47ನೆಯ ಕಲಮು. ತಾಡದೇವ, ಅಂಧೇರಿ, ವಡಾಲಾ, ಬೋರಿವಲಿ, ಎಲ್ಲಿಯದಾದರೂ ಸರಿ, ಒಂದು ದಿನ ರಜೆ ಹಾಕಿ ಆ ಕಚೇರಿಗೆ ಹೋಗಿಬಂದರೆ ಮುಂದಿನ ಹತ್ತು ದಿನದ ರಜೆ ಉಳಿದೀತು. ಕಾರು ಅಣ್ಣನ ಹೆಸರಿನಲ್ಲಿಯೇ ಇರಬೇಕೆಂದಾದರೆ ಅಣ್ಣನಿಂದ ಅಧಿಕಾರ ಪತ್ರ ಬೇಕು: "ಇಂಥ ನಂಬರಿನ ನನ್ನ ಕಾರನ್ನು ನನ್ನ ಪರವಾಗಿ ಪಡೆಯಲು ನನ್ನ ತಮ್ಮನಿಗೆ ಅಧಿಕಾರ ಕೊಟ್ಟಿದ್ದೇನೆ" ಎಂದು ಬರೆದು ಸಹಿ ಮಾಡಿ, ಗುರುತಿನ ಚೀಟಿಯ ನಕಲನ್ನು ಜೊತೆಗಿಟ್ಟು ಕಳುಹಿಸಬೇಕು. ಕಂಪೆನಿಯ ಕಾರಾದರೆ ಕಂಪೆನಿಯ ಕಾಗದದ ಮೇಲೆ ಇದೇ ಮಾತು.

ಆರ್.ಸಿ. ಜೊತೆಗೆ ವಿಮೆಯ ಪತ್ರ, ಹೊಗೆಯ ಪರೀಕ್ಷೆಯ ಪಿ.ಯು.ಸಿ., ಬಿಡಿಸಲು ಹೋದವರ ಗುರುತಿನ ಚೀಟಿ, ಕಾರು ಹೊರಗೆ ನಡೆಸಿ ತರುವವರ ಲೈಸೆನ್ಸು, ಪೋಲೀಸರು ಕೊಟ್ಟ ರಸೀದಿ, ಇವು ಬೇಕಾಗುತ್ತವೆ. ಟ್ಯಾಕ್ಸಿಗಾದರೆ ಪರ್ಮಿಟ್ಟು, ಫಿಟ್‌ನೆಸ್ಸು ಕೂಡ. ಮೊಬೈಲಿನ ಡಿಜಿಲಾಕರಿನಲ್ಲಿರುವ ಕಾಗದಗಳನ್ನೂ ಒಪ್ಪಬೇಕೆಂದು 2018ರಲ್ಲಿಯೇ ನಿಯಮ ಮಾಡಿದ್ದಾರೆ. ಆದರೂ ಒಂದು ಜೊತೆ ನಕಲು ಕೈಯಲ್ಲಿರಲಿ. ವಿಮೆಯ ಅವಧಿ ಮುಗಿದಿದ್ದರೆ ಅದು ಇನ್ನೊಂದು ಅಪರಾಧವಾಗಿ ಸೇರಿಕೊಳ್ಳುತ್ತದೆ. ಹಳೆಯ ಚಲನುಗಳ ಬಾಕಿಯನ್ನೂ ಮೊದಲೇ ನೋಡಿಕೊಂಡಿರುವುದು ಕ್ಷೇಮ.

ಠಾಣೆಯಲ್ಲಿಯೇ ಕಾರು ಕೊಟ್ಟರೆ ಸಂತೋಷ. ಕೋರ್ಟಿನಿಂದ ತನ್ನಿರಿ ಎಂದರೆ ಗಾಬರಿ ಬೇಡ. ವಶಪಡಿಸಿಕೊಂಡ ವಸ್ತುವನ್ನು ಒಡೆಯರಿಗೆ ಒಪ್ಪಿಸುವ ಅಧಿಕಾರ ಮ್ಯಾಜಿಸ್ಟ್ರೇಟರಿಗಿದೆ. ಹಳೆಯ ಸಂಹಿತೆಯಲ್ಲಿ ಅವು 451 ಮತ್ತು 457ನೆಯ ಕಲಮುಗಳು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಸಂಹಿತೆಯಲ್ಲಿ 497 ಮತ್ತು 503. ಅರ್ಜಿ, ಆರ್.ಸಿ., ವಿಮೆ, ಇಷ್ಟು ಮೌಲ್ಯದ ಮುಚ್ಚಳಿಕೆ, ಕರೆದಾಗ ಕಾರನ್ನು ಹಾಜರುಪಡಿಸುತ್ತೇನೆ, ಮಾರುವುದಿಲ್ಲ ಎಂಬ ಒಪ್ಪಿಗೆ. ಹಿಡಿದ ವಾಹನಗಳನ್ನು ಠಾಣೆಯ ಅಂಗಳದಲ್ಲಿ ದೀರ್ಘಕಾಲ ಇಟ್ಟುಕೊಳ್ಳುವುದರಿಂದ ಯಾರಿಗೂ ಪ್ರಯೋಜನವಿಲ್ಲ, ಪಂಚನಾಮೆ ಮಾಡಿ, ಚಿತ್ರ ತೆಗೆದು, ಮುಚ್ಚಳಿಕೆ ಪಡೆದು ಬೇಗನೆ ಒಪ್ಪಿಸಬೇಕೆಂದು ಸುಪ್ರೀಂ ಕೋರ್ಟು 2002ರಲ್ಲಿ ಗುಜರಾತಿನ ಒಂದು ಮೊಕದ್ದಮೆಯಲ್ಲಿ ತಿಳಿಸಿದೆ. ಸುಂದರಭಾಯಿ ಅಂಬಾಲಾಲ ದೇಸಾಯಿ ಎಂದರೆ ವಕೀಲರಿಗೆಲ್ಲ ಗೊತ್ತು. ಆ ಹೆಸರನ್ನು ಬರೆದಿಟ್ಟುಕೊಳ್ಳಿರಿ. ಈ ತೀರ್ಪು ಬಂದು ಇಷ್ಟು ವರ್ಷವಾದರೂ ಮಳೆಯಲ್ಲಿ ನೆನೆದು ತುಕ್ಕು ಹಿಡಿದು, ಗಾಜಿನ ಮೇಲೆ ಆಲದ ಸಸಿ ಹುಟ್ಟಿದ ಗಾಡಿಗಳು ಠಾಣೆಗಳ ಮುಂದೆ ಇಂದಿಗೂ ನಿಂತಿವೆ. ಕೇಳಲು ಯಾರೂ ಬಾರದ ಗಾಡಿಗಳೂ ಅವುಗಳಲ್ಲಿ ಇದ್ದಾವು.

ಇನ್ನು ನಾವು ಬಹಳ ದುಃಖದಿಂದ ಹೇಳುವ ಮಾತು. ಕೋರ್ಟಿನಲ್ಲಿ ಹೆಸರು ಕೂಗಿದ ಕೂಡಲೇ "ಗುನ್ಹಾ ಕಬೂಲ್" ಎಂದುಬಿಡು, ದಂಡ ಕಟ್ಟು, ಸಂಜೆಗೆ ಕಾರು ಮನೆಯಲ್ಲಿರುತ್ತದೆ, ಹೀಗೆಂದು ಕಿವಿಯಲ್ಲಿ ಊದುವವರು ಕೋರ್ಟಿನ ಹೊರಗೆ ಬೇಕಾದಷ್ಟಿದ್ದಾರೆ. ಕೆಲವೊಮ್ಮೆ ಕಾರಿನ ಸೇಠರೇ ಹೀಗೆ ಒತ್ತಾಯಿಸುತ್ತಾರೆ. ಅವರಿಗೆ ಕಾರು ಬೇಕು, ಚಾಲಕರು ನೂರು ಜನ ಸಿಗುತ್ತಾರೆ. ನಮ್ಮ ವಾಚನಾಲಯಕ್ಕೆ ಬರುವ ಟೂರಿಸ್ಟ್ ಕಾರಿನ ಚಾಲಕರೊಬ್ಬರು ಹೀಗೆಯೇ ತಪ್ಪೊಪ್ಪಿಕೊಂಡು, ಸೇಠರು ಕೊಟ್ಟ ಹಣದಿಂದ ದಂಡ ಕಟ್ಟಿ, ಕಾರನ್ನು ಸೇಠರ ಮನೆ ಬಾಗಿಲಿಗೆ ಮುಟ್ಟಿಸಿದರು. ಅದೇ ಅವರು ನಡೆಸಿದ ಕೊನೆಯ ಬಾಡಿಗೆ. ಏಕೆಂದರೆ 185ನೆಯ ಕಲಮಿನಲ್ಲಿ ತಪ್ಪಿತಸ್ಥನೆಂದು ತೀರ್ಮಾನವಾದವನ ಲೈಸೆನ್ಸನ್ನು ಕನಿಷ್ಠ 6 ತಿಂಗಳ ಮಟ್ಟಿಗೆ ಅನರ್ಹಗೊಳಿಸಬೇಕೆಂದು 20ನೆಯ ಕಲಮು ಕೋರ್ಟಿಗೇ ಹೇಳುತ್ತದೆ. ದಂಡದ ಹಣವೇನೋ ಸೇಠರದು. ಆರು ತಿಂಗಳು ಮನೆಯಲ್ಲಿ ಒಲೆ ಉರಿಸಬೇಕಾದವರು ಯಾರು? ಅವರ ಹೆಂಡತಿ ಆ ಆರು ತಿಂಗಳು ಎರಡು ಮನೆಗಳ ಪಾತ್ರೆ ತಿಕ್ಕಿದರು.

ಕುಡಿದದ್ದು ನಿಜವೇ ಆಗಿದ್ದರೆ, ವಕೀಲರ ಸಲಹೆ ಪಡೆದು, ಪರಿಣಾಮ ತಿಳಿದು, ತಪ್ಪೊಪ್ಪಿಕೊಳ್ಳುವುದು ಗೌರವದ ಮಾತು. ಅದನ್ನು ನಾವು ಬೇಡವೆನ್ನುವುದಿಲ್ಲ. ಆದರೆ ಕಾರು ಬರಲೆಂದು ತಪ್ಪೊಪ್ಪಿಕೊಳ್ಳಬೇಕಾಗಿಲ್ಲ. ಕಾರು ಯಾರ ವಶದಲ್ಲಿರಬೇಕೆಂಬ ಪ್ರಶ್ನೆ ಒಂದು, ಚಾಲಕ ಅಪರಾಧಿಯೇ ಎಂಬ ಪ್ರಶ್ನೆ ಇನ್ನೊಂದು. ಮೊದಲಿನದು ಎರಡನೆಯದಕ್ಕಾಗಿ ಕಾದು ಕೂರುವುದಿಲ್ಲ. ಲೈಸೆನ್ಸನ್ನು ಪೋಲೀಸರು ಅಂದೇ ತೆಗೆದುಕೊಂಡು ಆರ್.ಟಿ.ಓ.ಗೆ ಕಳುಹಿಸಬಹುದು, 2019ರ ತಿದ್ದುಪಡಿಯಲ್ಲಿ ಅದಕ್ಕೆ ಅವಕಾಶವಿದೆ. ಆಗಲೂ ಸ್ವೀಕೃತಿ ಚೀಟಿ ಪಡೆಯಬೇಕು, ಆರ್.ಟಿ.ಓ. ನೋಟೀಸು ಕಳುಹಿಸಿದರೆ ಉತ್ತರ ಬರೆಯಬೇಕು. ಉತ್ತರ ಬರೆಯದೆ ಸುಮ್ಮನಿದ್ದರೆ ಒಪ್ಪಿಕೊಂಡಂತೆಯೇ ಸರಿ.

ವಕೀಲರ ಖರ್ಚಿಗೆ ಎಲ್ಲಿ ಹೋಗೋಣ ಎಂದು ಕೇಳುವಿರಿ. 1987ರ ಕಾನೂನು ಸೇವಾ ಕಾಯಿದೆಯಂತೆ ಕಾರ್ಖಾನೆಯ ಕೆಲಸಗಾರರಿಗೆ, ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಪೋಲೀಸರ ವಶದಲ್ಲಿರುವವರಿಗೆ ವಕೀಲರನ್ನು ಪುಕ್ಕಟೆ ಕೊಡಬೇಕು. ಇವರ ವರಮಾನ ಎಷ್ಟೆಂದು ಕೇಳುವಂತಿಲ್ಲ. 15100 ನಂಬರಿಗೆ ಫೋನು ಮಾಡಿ ವಿಚಾರಿಸಬಹುದು. ಇದು ಧರ್ಮಕ್ಕೆ ಕೊಡುವ ಅಕ್ಕಿಯಲ್ಲ, ಸಂಕೋಚ ಬೇಡ.

ಇಷ್ಟು ಹೊತ್ತು ಹೇಳಿದುದು ಯಾರಿಗೂ ಪೆಟ್ಟಾಗದ ಪ್ರಸಂಗ. ಅಪಘಾತವಾಗಿ ಗಾಯವೋ ಸಾವೋ ಆಗಿದ್ದರೆ ಕಾರು ಸಾಕ್ಷಿಯ ವಸ್ತುವಾಗುತ್ತದೆ, ಮುದ್ದೆಮಾಲು. ಮೋಟಾರು ಇನ್ಸ್‌ಪೆಕ್ಟರು ಬ್ರೇಕು ಮುಂತಾದುವನ್ನು ಪರೀಕ್ಷಿಸಬೇಕು. ಅದಾದ ಮೇಲೆ ಕೋರ್ಟಿನ ಮೂಲಕವೇ ಬಿಡಿಸಬೇಕು. ಅಲ್ಲಿ ಅರ್ಜಿ ನಾವು ಬರೆಯುವುದಿಲ್ಲ, ವಕೀಲರೇ ಬರೆಯಲಿ. ಕುಡಿದು ನಡೆಸಿ ಹಾಳಾದ ಕಾರಿನ ರಿಪೇರಿಗೆ ವಿಮೆಯ ಹಣವೂ ಸಿಗದು. ಕಾರಿನಲ್ಲಿ ಪರವಾನೆಯಿಲ್ಲದ ಮದ್ಯ ಸಾಗಿಸುತ್ತಿದ್ದರೆ ಪಾನನಿರೋಧ ಕಾಯಿದೆ ಬಂದು ಕಾರು ಮುಟ್ಟುಗೋಲಿಗೇ ಹೋಗಬಹುದು.

ಒಂದು ಮಾತು ಉಳಿಯಿತು, ಲಂಚ. ಅನೇಕ ಸಣ್ಣ ಅಪರಾಧಗಳಿಗೆ ಬೀದಿಯಲ್ಲಿಯೇ ದಂಡ ಕಟ್ಟಿ ರಸೀದಿ ಪಡೆಯಬಹುದು. ಕುಡಿದು ನಡೆಸಿದುದು ಅವುಗಳಲ್ಲಿ ಸೇರಿಲ್ಲ. ಇದರ ದಂಡವನ್ನು ಗೊತ್ತುಮಾಡುವುದು ಕೋರ್ಟು ಮಾತ್ರ. ಆದುದರಿಂದ ನಾಕಾಬಂದಿಯಲ್ಲಿ ಇದಕ್ಕೆಂದು ಕೈ ಬದಲಾಗುವ ಹಣ ಯಾವ ಹೆಸರಿನಿಂದ ಕರೆದರೂ ದಂಡವಲ್ಲ. ಕೊಡುವುದೂ ಈಗ ಅಪರಾಧ. ಬಲವಂತದಿಂದ ಕೊಟ್ಟವರು 7 ದಿನದೊಳಗೆ ದೂರು ಕೊಡಬೇಕೆಂದು 2018ರ ತಿದ್ದುಪಡಿ ಹೇಳುತ್ತದೆ. ಮಹಾರಾಷ್ಟ್ರದ ಲಂಚ ನಿರೋಧಕ ವಿಭಾಗದ ನಂಬರು 1064. ಠಾಣೆಯ ಹೊರಗಿನ ಏಜೆಂಟರ ಮಾತಂತೂ ಕೇಳಬೇಡಿರಿ. ಸಾಹೇಬರು ನಮ್ಮ ಊರಿನವರು, ಐದು ಸಾವಿರ ಕೊಟ್ಟರೆ ಕೆಲಸವಾಯಿತು ಎಂದು ಕನ್ನಡದಲ್ಲಿಯೇ ಮಾತಾಡುವ ಏಜೆಂಟರೂ ಇದ್ದಾರೆ. ಪರಊರಿನಲ್ಲಿ ತಾಯ್ನುಡಿ ಕೇಳಿದರೆ ಮನಸ್ಸು ಕರಗುತ್ತದೆ, ಜೇಬು ಕರಗದಿರಲಿ.

ಅಧಿಕಾರ ಪತ್ರದ ಮಾದರಿಯನ್ನೂ ಕಾರು ಬಿಡುಗಡೆಯ ಅರ್ಜಿಯ ಮಾದರಿಯನ್ನೂ ಕನ್ನಡದಲ್ಲಿ, ಮರಾಠಿಯಲ್ಲಿ ಬರೆದು ಪತ್ರಿಕೆಗಳ ಮೇಜಿನ ಎಡಬದಿಯ ಕಡತದಲ್ಲಿಟ್ಟಿದ್ದೇವೆ. ಬೇಕಾದವರು ನಕಲು ಮಾಡಿಕೊಳ್ಳಬಹುದು, ಮೂಲವನ್ನು ಒಯ್ಯಬಾರದು. ಮುಂದಿನ ಭಾನುವಾರ ನಿಮ್ಮ ನಿಮ್ಮ ಆರ್.ಸಿ.ಯನ್ನು ತನ್ನಿರಿ; ಯಾರ ಹೆಸರಿನಲ್ಲಿದೆ, ವಿಮೆ ಎಂದಿಗೆ ಮುಗಿಯುತ್ತದೆ ಎಂಬುದನ್ನು ಒಟ್ಟಿಗೆ ಕೂತು ನೋಡೋಣ. ಪ್ರಶ್ನೆಗಳಿದ್ದವರು ಈಗ ಕೇಳಬಹುದು.